ಬಟ್ಟೆಯ ಚಿಟ್ಟೆ, ತಂತಿಯ ಲೆಕ್ಕ

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸದಸ್ಯೆಯರಿಗಾಗಿ ನಡೆದ ಕರಕುಶಲ ತರಬೇತಿ ಶಿಬಿರದ ಸಮಾರೋಪದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ದನದ ಡಾಕ್ಟರಿಗೆ ಚಿಟ್ಟೆ ಮಾಡುವ ಶಿಬಿರದಲ್ಲಿ ಏನು ಕೆಲಸ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಬ್ಬ ಅಜ್ಜಿ, "ಡಾಕ್ಟ್ರಪ್ಪ, ಇಲ್ಲಿ ಯಾವ ಹಸಕ್ಕೂ ಕಾಯಿಲೆ ಇಲ್ಲ, ತಪ್ಪಿ ಬಂದ್ಯೇನೋ?" ಎಂದು ಕೇಳಿಯೇ ಬಿಟ್ಟರು. ತಪ್ಪಿ ಬಂದಿಲ್ಲ ಅಜ್ಜಿ, ಬೇಕೆಂದೇ ಬಂದಿದ್ದೇನೆ. ಸಮಾರೋಪದಲ್ಲಿ ನಾಲ್ಕು ಮಾತು ಆಡಲು ಅವಕಾಶ ಕೊಡಿ ಎಂದು ಅಧ್ಯಕ್ಷರನ್ನು ನಾನೇ ಕೇಳಿಕೊಂಡೆ. ಅದಕ್ಕೆ ಕಾರಣ ನನ್ನ ಜೇಬಿನಲ್ಲಿರುವ ಈ ಸಣ್ಣ ಬಾಟಲಿ. ಇದರಲ್ಲಿ ಏನಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಚಿಟ್ಟೆಗಳ ಬಗ್ಗೆ ಮಾತನಾಡೋಣ.

ನಿಮ್ಮ ಕೆಲಸವನ್ನು ನೋಡಿ ನಿಜಕ್ಕೂ ಸಂತೋಷವಾಯಿತು. ದರ್ಜಿಯ ಅಂಗಡಿಯಲ್ಲಿ ಗುಡಿಸಿ ಎಸೆಯುವ ಚಿಂದಿ, ರವಿಕೆ ಹೊಲಿದು ಉಳಿದ ಕಣ, ಹರಿದ ಸೀರೆಯ ಅಂಚು, ಮುರಿದ ಕೊಡೆಯ ಕಪ್ಪು ಬಟ್ಟೆ, ಇವೆಲ್ಲಕ್ಕೂ ನೀವು ರೆಕ್ಕೆ ಮೂಡಿಸಿದ್ದೀರಿ. ಹಳೆಯ ಬಟ್ಟೆಯನ್ನು ಬಿಸಾಡದೆ ಬಳಸುವುದು ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯರು ತುಂಡು ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಆ ಸೂಜಿಯ ಕೆಲಸಕ್ಕೇ ನೀವು ಸ್ವಲ್ಪ ತಂತಿ ಸೇರಿಸಿದ್ದೀರಿ, ಅಷ್ಟೆ. ನಾನು ಮಾತನಾಡಲು ಬಂದಿರುವುದೂ ಆ ತಂತಿಯ ಬಗ್ಗೆಯೇ.

ಆರು ಕಾಲು, ಆರು ತುಂಡು

ಒಂದು ಸಣ್ಣ ತಪ್ಪನ್ನು ತೋರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ತೂಗುಹಾಕಿರುವ ಚಿಟ್ಟೆಗಳಲ್ಲಿ ಕೆಲವಕ್ಕೆ ನಾಲ್ಕು ಕಾಲು, ಒಂದಕ್ಕೆ ಎಂಟು ಕಾಲು. ಎಂಟು ಕಾಲು ಇದ್ದರೆ ಅದು ಚಿಟ್ಟೆಯಲ್ಲ, ಜೇಡವಾಯಿತು, ಇಲ್ಲವೇ ನಿಮ್ಮ ಹಸುವಿನ ಕಿವಿಯ ಸಂದಿನಲ್ಲಿ ಕುಳಿತಿರುವ ಉಣ್ಣೆಯಾಯಿತು. ಕೀಟ ಎಂದರೆ ಆರು ಕಾಲು. ಮೈಯಲ್ಲಿ ಮೂರು ಭಾಗ: ತಲೆ, ಎದೆ, ಹೊಟ್ಟೆ. ಆರು ಕಾಲುಗಳೂ ಹೊರಡುವುದು ಎದೆಯ ಭಾಗದಿಂದ, ಹೊಟ್ಟೆಯಿಂದಲ್ಲ. ರೆಕ್ಕೆಗಳು ಕೂಡ ಎದೆಯಿಂದಲೇ. ಚಿಟ್ಟೆಗೆ, ಜೇನುಹುಳಕ್ಕೆ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಹುಳಕ್ಕೆ ನಾಲ್ಕು ರೆಕ್ಕೆ. ಮನೆಯ ನೊಣಕ್ಕೆ, ಕೊಟ್ಟಿಗೆಯಲ್ಲಿ ದನವನ್ನು ಕಚ್ಚುವ ನೊಣಕ್ಕೆ ಎರಡೇ ರೆಕ್ಕೆ. ತಲೆಯ ಮೇಲೆ ಎರಡು ಮೀಸೆ. ಹಗಲು ಹಾರುವ ಚಿಟ್ಟೆಯ ಮೀಸೆ ನೆಟ್ಟಗಿದ್ದು ತುದಿಯಲ್ಲಿ ಬೆಂಕಿಕಡ್ಡಿಯ ಹಾಗೆ ಗುಂಡಗಿರುತ್ತದೆ. ರೇಷ್ಮೆ ಹುಳುವಿನ ಪತಂಗಕ್ಕೆ ಗರಿಯಂತಹ ಮೀಸೆ.

ಈ ಲೆಕ್ಕ ಗೊತ್ತಿದ್ದರೆ ಚಿಟ್ಟೆ ಚೆಂದವಾಗುವುದಷ್ಟೇ ಅಲ್ಲ, ಇನ್ನೊಂದು ದೊಡ್ಡ ಉಪಯೋಗವಿದೆ. ತಂತಿಯ ಲೆಕ್ಕವೂ ಸಿಗುತ್ತದೆ. ಹೇಗೆಂದು ಒಂದು ಚಿಟ್ಟೆ ಮಾಡಿಯೇ ನೋಡೋಣ. ನಮ್ಮ ರಾಜ್ಯದ ಚಿಟ್ಟೆ ಎಂದು ಗುರುತಿಸಿರುವ ಸದರ್ನ್ ಬರ್ಡ್‌ವಿಂಗ್ ಚಿಟ್ಟೆಯನ್ನೇ ತೆಗೆದುಕೊಳ್ಳೋಣ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹಾರುವ ದೊಡ್ಡ ಚಿಟ್ಟೆ ಇದು. ಮುಂದಿನ ರೆಕ್ಕೆ ಕಪ್ಪು, ಹಿಂದಿನ ರೆಕ್ಕೆ ಹೊಳೆಯುವ ಹಳದಿ. ಹಳೆಯ ಕೊಡೆಯ ಬಟ್ಟೆ ಮತ್ತು ಒಂದು ಹಳದಿ ರವಿಕೆ ಕಣ ಇದ್ದರೆ ಸಾಕು.

ಮೈಗೆ ತಂತಿ ಬೇಡ. ಒಂದು ಅಂಗುಲ ಅಗಲದ ಬಟ್ಟೆಯ ಪಟ್ಟಿಯನ್ನು ದೀಪದ ಬತ್ತಿ ಹೊಸೆಯುವ ಹಾಗೆ ಬಿಗಿಯಾಗಿ ಹೊಸೆಯಿರಿ. ಎರಡು ಕಡೆ ದಾರ ಸುತ್ತಿ ಬಿಗಿದರೆ ತಲೆ, ಎದೆ, ಹೊಟ್ಟೆ ಮೂರೂ ಮೂಡುತ್ತವೆ. ಕಣ್ಣಿಗೆ ಎರಡು ಸಣ್ಣ ಮಣಿ.

ಇನ್ನು ತಂತಿ. ಮುಂದಿನ ಎರಡು ರೆಕ್ಕೆಗಳ ಅಂಚಿಗೆ ಹದಿನೆಂಟು ಅಂಗುಲದ ಒಂದು ತುಂಡು. ಹಿಂದಿನ ಎರಡು ರೆಕ್ಕೆಗಳಿಗೆ ಹದಿನಾಲ್ಕು ಅಂಗುಲದ ಒಂದು ತುಂಡು. ಎರಡನ್ನೂ ಇಂಗ್ಲಿಷಿನ ಎಂಟರ ಆಕಾರಕ್ಕೆ ಬಗ್ಗಿಸಿ, ಬಟ್ಟೆಯನ್ನು ಅರ್ಧ ಅಂಗುಲ ದೊಡ್ಡದಾಗಿ ಕತ್ತರಿಸಿ, ಅಂಚನ್ನು ತಂತಿಯ ಮೇಲೆ ಮಡಿಚಿ ಹೊಲಿಯಬೇಕು. ಹೊಲಿಯುವ ಮೊದಲು ಬಟ್ಟೆಯನ್ನು ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಹಾಕಿದರೆ ರೆಕ್ಕೆ ಜೋಲು ಬೀಳುವುದಿಲ್ಲ. ಕಾಲುಗಳಿಗೆ ಐದು ಅಂಗುಲದ ಮೂರು ತುಂಡು. ಒಂದೊಂದನ್ನೂ ನಡುವಿನಲ್ಲಿ ಎದೆಯ ಅಡಿಗೆ ಕಟ್ಟಿದರೆ ಎರಡೂ ಕಡೆ ಒಂದೊಂದು ಕಾಲು, ಒಟ್ಟು ಆರು. ಮೀಸೆಗೆ ಐದು ಅಂಗುಲದ ಒಂದು ತುಂಡು, ನಡುವೆ ಮಡಿಚಿದರೆ ಎರಡು ಮೀಸೆ.

ಈಗ ಎಣಿಸಿ. ರೆಕ್ಕೆಗೆ ಎರಡು, ಕಾಲಿಗೆ ಮೂರು, ಮೀಸೆಗೆ ಒಂದು. ಒಟ್ಟು ಆರು ತುಂಡು. ಉದ್ದದಲ್ಲಿ ಸುಮಾರು ನಾಲ್ಕೂವರೆ ಅಡಿ. ಚಿಟ್ಟೆಗೆ ಆರು ಕಾಲು, ಚಿಟ್ಟೆಗೆ ಆರು ತುಂಡು ತಂತಿ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹತ್ತು ಚಿಟ್ಟೆ ಮಾಡಲು ಕುಳಿತರೆ ಅರವತ್ತು ತುಂಡು ಕತ್ತರಿಸಿ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಳ್ಳಿ. ಏಳುವಾಗ ಹತ್ತು ಚಿಟ್ಟೆ ಮುಗಿದಿದ್ದು ಡಬ್ಬಿಯಲ್ಲಿ ಏನೂ ಉಳಿದಿರಬಾರದು. ಒಂಬತ್ತೇ ಮುಗಿದಿದ್ದರೆ ಆರು ತುಂಡು ಉಳಿದಿರಬೇಕು. ಐದೇ ಇದ್ದರೆ ಆರನೆಯದು ಎಲ್ಲಿ ಎಂದು ಹುಡುಕದೆ ಮೇಲೇಳಬಾರದು. ಒಂದು ತುಂಡಿಗೆ ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದರೆ, ಈಗ ಈ ಬಾಟಲಿಯ ಕಥೆ ಹೇಳುತ್ತೇನೆ.

ಒಂದು ಹಸುವಿನ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ಊರಿನ ಹೆಸರು ಬೇಡ, ಮನೆಯವರ ಹೆಸರೂ ಬೇಡ. ಆ ತಾಯಿ ನನಗೆ, "ಹೆಸರು ಹೇಳಬೇಡಿ ಡಾಕ್ಟ್ರೇ, ಆದರೆ ವಿಷಯ ಮಾತ್ರ ಎಲ್ಲರಿಗೂ ಹೇಳಿ" ಎಂದಿದ್ದಾರೆ. ಅವರದು ಒಂದೇ ಮಿಶ್ರತಳಿ ಹಸು. ಮೂರನೆಯ ಸೂಲು ಮುಗಿದು ಮತ್ತೆ ಆರು ತಿಂಗಳ ಗಬ್ಬ. ಆಗಲೂ ದಿನಕ್ಕೆ ಐದು ಲೀಟರ್ ಹಾಲು ಕೊಡುತ್ತಿತ್ತು. ಮನೆ ಖರ್ಚು, ಮಗಳ ಶಾಲೆ ಎಲ್ಲ ಅದರ ಮೇಲೆಯೇ.

ಒಂದು ದಿನ ಐದು ಲೀಟರ್ ಇದ್ದದ್ದು ಎರಡಕ್ಕೆ ಇಳಿಯಿತು. ಮೇವು ಮುಟ್ಟುತ್ತಿಲ್ಲ, ಮೆಲುಕು ಹಾಕುತ್ತಿಲ್ಲ. ನನಗೆ ಕರೆ ಬಂತು, ಹೋದೆ. ಹೊಟ್ಟೆ ಸ್ವಲ್ಪ ಉಬ್ಬಿತ್ತು. ಹಿಂದಿನ ದಿನ ಮದುವೆ ಮನೆಯ ಅನ್ನ ತಿಂದಿತ್ತು ಎಂದರು. ಅಜೀರ್ಣ ಇರಬೇಕು ಎಂದುಕೊಂಡೆ. ಜೀರ್ಣಶಕ್ತಿಯ ಪುಡಿ ಕೊಟ್ಟು, ಇನ್ನೂ ನಾಲ್ಕು ಕರೆಗಳಿದ್ದವು, ಮುಂದೆ ಹೊರಟೆ. ಅದು ನನ್ನ ತಪ್ಪು. ಹತ್ತು ನಿಮಿಷ ನಿಂತು ಆ ಹಸು ನಡೆಯುವುದನ್ನು ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಎರಡು ದಿನ ಬಿಟ್ಟು ಹೋದಾಗ ನೋಡಿದೆ. ಕೊಟ್ಟಿಗೆಯಿಂದ ನೀರಿನ ತೊಟ್ಟಿಗೆ ಇಳಿಜಾರು. ಹಸು ಇಳಿಯಲು ಒಪ್ಪುತ್ತಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿದೆ. ಮುಂಗಾಲಿನ ಮೊಣಕೈಗಳನ್ನು ಮೈಯಿಂದ ದೂರ ಚಾಚಿ ನಿಂತಿದೆ. ಮಲಗುವಾಗ ನರಳುತ್ತದೆ. ಹೆಗಲ ಮೇಲೆ ಬೆನ್ನಿನ ಚರ್ಮವನ್ನು ಹಿಡಿದು ಚಿವುಟಿದೆ. ಸಾಮಾನ್ಯ ಹಸುವಾದರೆ ಬೆನ್ನು ತಗ್ಗಿಸುತ್ತದೆ. ಇದು ತಗ್ಗಿಸಲಿಲ್ಲ, ನೋವಿನಿಂದ ಮುಲುಗಿತು. ಜ್ವರ 103 ಡಿಗ್ರಿ ದಾಟಿತ್ತು. ನನಗೆ ಅರ್ಥವಾಯಿತು. ಹಸು ತಂತಿಯನ್ನೋ ಮೊಳೆಯನ್ನೋ ನುಂಗಿದೆ.

ಹೊಟ್ಟೆಯೊಳಗೆ ಅಯಸ್ಕಾಂತ ಹಾಕಿದೆ, ಚುಚ್ಚುಮದ್ದು ಕೊಟ್ಟೆ. ಮುಂದಿನ ಕಾಲುಗಳು ಎತ್ತರದಲ್ಲಿ ಇರುವಂತೆ ಮಣ್ಣು ಹಾಕಿಸಿ ನಿಲ್ಲಿಸಿದೆ. ಹೊಟ್ಟೆ ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸೋಣ ಎಂದೆ. ಗಬ್ಬದ ಹಸುವಿಗೆ ಕೊಯ್ಯುವುದೇ ಎಂದು ಮನೆಯವರು ಹಿಂಜರಿದರು. ಅವರನ್ನು ದೂರುವುದಿಲ್ಲ. ಎರಡು ದಿನ ನಾನೇ ಕಳೆದಿದ್ದೆನಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಗಂಗೆದೊಗಲು ಊದಿಕೊಂಡಿತು. ಕತ್ತಿನ ರಕ್ತನಾಳ ಹಗ್ಗದ ಹಾಗೆ ಉಬ್ಬಿತು. ತಂತಿ ಹೃದಯದ ಚೀಲಕ್ಕೆ ತಲುಪಿತ್ತು. ಅಲ್ಲಿಗೆ ತಲುಪಿದ ಮೇಲೆ ನಮ್ಮ ಕೈಯಲ್ಲಿ ಬಹಳ ಇರುವುದಿಲ್ಲ. ಹಸು ಸತ್ತಿತು, ಹೊಟ್ಟೆಯಲ್ಲಿದ್ದ ಕರುವೂ ಹೋಯಿತು.

ಮರಣೋತ್ತರ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಇದು. ಎರಡು ಅಂಗುಲದ ತಂತಿ. ಹಿಂದಿನವರಿಗೆ ಕಾಣುವುದಿಲ್ಲ, ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿ. ಅದರ ಒಂದು ತುದಿಗೆ ಕೆಂಪು ದಾರ ಸುತ್ತಿರುವುದನ್ನು ನೋಡಿ. ನಾನು ಅದನ್ನು ತೊಳೆಯುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಮಗಳು, "ಇದು ನನ್ನ ಚಿಟ್ಟೆಯ ಕಾಲು" ಎಂದಳು.

ಗಣಪತಿ ಹಬ್ಬಕ್ಕೆ ಮಂಟಪಕ್ಕೆ ತೂಗುಹಾಕಲು ಆ ಮಗು ಬಟ್ಟೆಯ ಚಿಟ್ಟೆಗಳನ್ನು ಮಾಡಿತ್ತು. ಜಗಲಿಯ ಮೇಲೆ ಕುಳಿತು ತಂತಿ ಕತ್ತರಿಸಿತ್ತು. ಪಕ್ಕದಲ್ಲಿ ಹಸುವಿಗೆಂದು ಕತ್ತರಿಸಿದ ರಾಗಿ ಹುಲ್ಲಿನ ರಾಶಿ. ಸಂಜೆ ತಾಯಿ ಜಗಲಿ ಗುಡಿಸಿ, ಹುಲ್ಲು ಹಾಳಾಗಬಾರದೆಂದು ಗುಡಿಸಿದ್ದನ್ನೆಲ್ಲ ಗೊಂತಿಗೆ ಸುರಿದಿದ್ದರು. ಒಂದು ಹಿಡಿ ಹುಲ್ಲು ಉಳಿಸುವುದು ಒಳ್ಳೆಯ ಗೃಹಿಣಿಯ ಲಕ್ಷಣವೇ. ಅಂದು ಆ ಹಿಡಿ ಹುಲ್ಲಿನ ಜೊತೆ ಒಂದು ಕಾಲು ಹೋಯಿತು.

ಆ ಮಗು ಅಂದು ಅತ್ತದ್ದನ್ನು ನಾನು ಮರೆತಿಲ್ಲ. "ಪುಟ್ಟಿ, ಚಿಟ್ಟೆ ಮಾಡಿದ್ದು ತಪ್ಪಲ್ಲ. ತಂತಿ ಎಣಿಸಬೇಕು ಎಂದು ನಿನಗೆ ಯಾರೂ ಹೇಳಿಕೊಡಲಿಲ್ಲ, ಅದು ದೊಡ್ಡವರಾದ ನಮ್ಮ ತಪ್ಪು" ಎಂದೆ. ಅಂದಿನಿಂದ ಎಲ್ಲಿ ಇಂತಹ ಶಿಬಿರ ನಡೆದರೂ ಕೇಳಿಕೊಂಡು ಹೋಗಿ ಈ ಬಾಟಲಿ ತೋರಿಸುತ್ತೇನೆ.

ತಂತಿ ಹೃದಯಕ್ಕೆ ಹೇಗೆ ಹೋಗುತ್ತದೆ?

ತಿಂದದ್ದು ಹೊಟ್ಟೆಗೆ ಹೋಗಬೇಕು, ಹೃದಯಕ್ಕೆ ಏಕೆ ಹೋಯಿತು ಎಂದು ಕೇಳಬಹುದು. ಆಡು ಕುರಿ ತುಟಿಯಿಂದ ಆರಿಸಿ ಆರಿಸಿ ತಿನ್ನುತ್ತವೆ. ದನ ಹಾಗಲ್ಲ. ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದುಕೊಂಡು, ಸರಿಯಾಗಿ ಅಗಿಯದೆ ನುಂಗಿ, ಆಮೇಲೆ ಆರಾಮವಾಗಿ ಮೆಲುಕು ಹಾಕುತ್ತದೆ. ಆದ್ದರಿಂದ ಹುಲ್ಲಿನ ಒಳಗಿರುವ ತಂತಿ ಅದರ ಬಾಯಿಗೆ ತಿಳಿಯುವುದಿಲ್ಲ. ಎಮ್ಮೆಯೂ ಹೀಗೆಯೇ.

ದನದ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ ಎಂಬುದು ನಿಮಗೆ ಗೊತ್ತು. ಎರಡನೆಯದರ ಒಳಮೈ ಜೇನುಗೂಡಿನ ಹಾಗೆ ಇರುತ್ತದೆ. ತೂಕದ ವಸ್ತುಗಳು ಬಂದು ಬೀಳುವುದು ಅಲ್ಲಿಗೇ, ಬಿದ್ದ ಮೇಲೆ ಆ ಗೂಡುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಈ ಭಾಗ ಸುಮ್ಮನಿರುವುದಿಲ್ಲ, ಸುಮಾರು ನಿಮಿಷಕ್ಕೊಮ್ಮೆ ಮುದುಡಿ ಹಿಗ್ಗುತ್ತದೆ. ಹಾಗೆ ಮುದುಡಿದಾಗಲೆಲ್ಲ ಚೂಪಾದ ತಂತಿ ಗೋಡೆಗೆ ಒತ್ತುತ್ತದೆ. ಗೋಡೆಯ ಮುಂದೆ ವಪೆ ಎಂಬ ತೆಳುವಾದ ಪರದೆ. ಅದರಾಚೆ ಕೆಲವೇ ಅಂಗುಲದಲ್ಲಿ ಹೃದಯ. ಗಬ್ಬ ಬೆಳೆದಂತೆ ಕರುವಿನ ಭಾರ ಹಿಂದಿನಿಂದ ತಳ್ಳುತ್ತದೆ, ಕರು ಹಾಕುವಾಗ ಮುಕ್ಕುವುದರಿಂದ ಒತ್ತಡ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಎಂದೋ ನುಂಗಿದ ತಂತಿ ತಿಂಗಳುಗಟ್ಟಲೆ ತೆಪ್ಪಗಿದ್ದು ಗಬ್ಬದ ಕೊನೆಯಲ್ಲಿ ಚುಚ್ಚಬಹುದು. ಹಬ್ಬ ಮುಗಿದು ಮೂರು ತಿಂಗಳಾಯಿತು, ಇನ್ನೇನು ಭಯ ಎನ್ನುವಂತಿಲ್ಲ.

ಬಟ್ಟೆಯ ಚೂರುಗಳೂ ಒಳ್ಳೆಯದಲ್ಲ. ಅವು ಚುಚ್ಚುವುದಿಲ್ಲ ನಿಜ, ಆದರೆ ಕರಗುವುದೂ ಇಲ್ಲ. ಪ್ಲಾಸ್ಟಿಕ್ಕು, ಹಗ್ಗದ ಜೊತೆ ಉಂಡೆಯಾಗಿ ದೊಡ್ಡ ಹೊಟ್ಟೆಯಲ್ಲಿ ಕುಳಿತುಕೊಳ್ಳುತ್ತವೆ. ನಿಮ್ಮ ಹಸು ತಾನಾಗಿಯೇ ಬಟ್ಟೆ, ಮೂಳೆ, ಗೋಡೆ ನೆಕ್ಕಿ ಅಗಿಯುತ್ತಿದ್ದರೆ ಅದು ತುಂಟತನ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ರಂಜಕ ಮುಂತಾದ ಲವಣಗಳ ಕೊರತೆಯ ಲಕ್ಷಣ ಅದು. ಡೇರಿಯಲ್ಲಿ ಸಿಗುವ ಖನಿಜ ಮಿಶ್ರಣವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ದಿನವೂ ಕೊಡಿ.

ಕಬ್ಬಿಣದ ತಂತಿಯನ್ನೇ ಏಕೆ ಬಳಸಬೇಕು?

ನಿಮ್ಮಲ್ಲಿ ಕೆಲವರು ಸುಟ್ಟ ಮೋಟಾರಿನ ತಾಮ್ರದ ತಂತಿ ತಂದಿದ್ದೀರಿ. ನುಣುಪಾಗಿದೆ, ಸುಲಭವಾಗಿ ಬಗ್ಗುತ್ತದೆ, ಹೊಳೆಯುತ್ತದೆ. ಆದರೂ ದನ ಇರುವ ಮನೆಯಲ್ಲಿ ಅದು ಬೇಡ, ಅಲ್ಯೂಮಿನಿಯಂ ತಂತಿಯೂ ಬೇಡ. ಏಕೆಂದರೆ ಅವೆರಡನ್ನೂ ಅಯಸ್ಕಾಂತ ಹಿಡಿಯುವುದಿಲ್ಲ. ನೆಲದ ಮೇಲೆ ಬಿದ್ದರೆ ನಿಮ್ಮ ಅಯಸ್ಕಾಂತಕ್ಕೆ ಸಿಗುವುದಿಲ್ಲ, ಹಸುವಿನ ಹೊಟ್ಟೆಗೆ ಹೋದರೆ ನಾವು ಹಾಕುವ ಅಯಸ್ಕಾಂತಕ್ಕೂ ಸಿಗುವುದಿಲ್ಲ. ಮನೆ ಕಟ್ಟುವವರು ಕಂಬಿ ಬಿಗಿಯಲು ಬಳಸುವ ಕಬ್ಬಿಣದ ಬೈಂಡಿಂಗ್ ವೈರ್ ತೆಗೆದುಕೊಳ್ಳಿ. ಕಪ್ಪಾಗಿದ್ದರೂ ಬಣ್ಣದ ದಾರ ಸುತ್ತಿದರೆ ಕಾಣುವುದಿಲ್ಲ.

ಇನ್ನು ನೀವು ಪಾಲಿಸಬೇಕಾದ ಕೆಲವು ಸೂಚನೆಗಳು:

1. ಕೊಟ್ಟಿಗೆ, ಗೊಂತು, ಹುಲ್ಲಿನ ಮೆದೆ, ಬೂಸಾ ಹಿಂಡಿಯ ಚೀಲ ಇರುವ ಕಡೆ ತಂತಿಯ ಕೆಲಸ ಮಾಡಬೇಡಿ. ಮನೆಯ ಒಳಗೆ ಹಳೆಯ ಬಿಳಿ ಪಂಚೆ ಹಾಸಿ ಅದರ ಮೇಲೆ ಕುಳಿತುಕೊಳ್ಳಿ. ಬಿಳಿಯ ಮೇಲೆ ತಂತಿ ಎದ್ದು ಕಾಣುತ್ತದೆ.

2. ಚಿಟ್ಟೆಗೆ ಆರು ತುಂಡು ಎಂಬ ಲೆಕ್ಕದಲ್ಲಿ ಮೊದಲೇ ಕತ್ತರಿಸಿಕೊಳ್ಳಿ. ತುದಿ ಸವರಿದಾಗ ಹಾರುವ ಚೂರೇ ಹೆಚ್ಚು ಅಪಾಯ. ಆದ್ದರಿಂದ ಕಾಲು ಉದ್ದವಾಯಿತು ಎಂದು ಕತ್ತರಿಸಬೇಡಿ, ಇಕ್ಕಳದಿಂದ ತುದಿಯನ್ನು ಒಳಕ್ಕೆ ಸುರುಳಿ ಮಾಡಿ. ಅದೇ ಚಿಟ್ಟೆಯ ಪಾದವಾಗುತ್ತದೆ, ಮಕ್ಕಳ ಕೈಗೂ ಚುಚ್ಚುವುದಿಲ್ಲ.

3. ಕೆಲಸ ಮುಗಿದ ಮೇಲೆ ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಪಂಚೆಯ ಮೇಲೂ ಸುತ್ತಲಿನ ನೆಲದ ಮೇಲೂ ಎಳೆಯಿರಿ. ಸೂಜಿ, ಗುಂಡುಪಿನ್ನುಗಳೂ ಸಿಗುತ್ತವೆ.

4. ಉಳಿದ ಚೂರುಗಳನ್ನು ತಿಪ್ಪೆಗೆ ಹಾಕಬೇಡಿ. ತಿಪ್ಪೆಯಿಂದ ಗೊಬ್ಬರ ಹೊಲಕ್ಕೆ, ಹೊಲದಿಂದ ಹುಲ್ಲಿನೊಡನೆ ತಂತಿ ಮತ್ತೆ ಗೊಂತಿಗೆ ಬರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಗುಜರಿಯವರಿಗೆ ಕೊಡಿ.

5. ದೀಪಾವಳಿಯ ಗೋಪೂಜೆಗೆಂದು ಕೊಟ್ಟಿಗೆಯಲ್ಲಿ ತಂತಿಯ ಚಿಟ್ಟೆ ತೂಗುಹಾಕಬೇಡಿ. ಸಂಕ್ರಾಂತಿಗೆ ದನದ ಕೊಂಬಿಗೆ ಕಟ್ಟಬೇಡಿ. ಅಲ್ಲಿಗೆ ಹೂವು, ಬಣ್ಣದ ಟೇಪು ಸಾಕು. ಚಿಟ್ಟೆ ಮನೆಯ ಬಾಗಿಲಿಗೆ, ಶಾಲೆಗೆ, ಮಂಟಪಕ್ಕೆ ಇರಲಿ. ಹಬ್ಬ ಮುಗಿದ ಮೇಲೆ ಇಳಿಸುವಾಗಲೂ ಎಣಿಸಿಯೇ ಇಳಿಸಿ.

6. ತಂತಿ ಬರುವುದು ಚಿಟ್ಟೆಯಿಂದ ಮಾತ್ರವಲ್ಲ. ಹೊಸ ಮನೆ ಕಟ್ಟುವ ಜಾಗ, ಟೈರ್ ಸುಟ್ಟ ಬೂದಿ, ಹರಿದ ಜರಡಿ, ಬೇಲಿ ಕಟ್ಟಿ ಉಳಿದ ತುಂಡು, ಎಲ್ಲ ಕಡೆಯೂ ಕಣ್ಣಿಡಿ. ಅಂತಹ ಜಾಗದಲ್ಲಿ ದನ ಮೇಯಿಸಬೇಡಿ.

7. ಹಾಲು ಏಕಾಏಕಿ ಇಳಿದು, ಹಸು ಬೆನ್ನು ಬಾಗಿಸಿ ನಿಂತು, ಇಳಿಜಾರು ಇಳಿಯಲು ಹಿಂಜರಿದು, ಮಲಗಲು ಏಳಲು ನರಳುತ್ತಿದ್ದರೆ ಎಣ್ಣೆ, ಸೋಡಾ, ಕಷಾಯ ಎಂದು ದಿನ ಕಳೆಯಬೇಡಿ. ಅಂದೇ ಸಂಘದ ಮೂಲಕ ಹೇಳಿ ಕಳುಹಿಸಿ, ಇಲ್ಲವೇ 1962 ಸಂಖ್ಯೆಗೆ ಫೋನು ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನ ಕರೆಸಿ. ಬಂದ ವೈದ್ಯರಿಗೆ, "ನಮ್ಮ ಮನೆಯಲ್ಲಿ ತಂತಿಯ ಕೆಲಸ ಮಾಡುತ್ತೇವೆ" ಎಂದು ಮೊದಲೇ ತಿಳಿಸಿ. ಆ ಒಂದು ಮಾತು ನನಗೆ ಅಂದು ಸಿಕ್ಕಿದ್ದರೆ, ಅಥವಾ ನಾನು ಕೇಳಿದ್ದರೆ, ಎರಡು ದಿನ ಉಳಿಯುತ್ತಿತ್ತು. ತಂತಿ ಇನ್ನೂ ಹೊಟ್ಟೆಯ ಗೋಡೆಯಲ್ಲಿ ಇರುವಾಗ ಶಸ್ತ್ರಚಿಕಿತ್ಸೆ ಮಾಡಿದರೆ ಬದುಕಿದ ಹಸುಗಳನ್ನು ನಾನು ನೋಡಿದ್ದೇನೆ.

ತಾಯಂದಿರೇ, ಇಷ್ಟೆಲ್ಲ ಕೇಳಿ ಹೆದರಿ ಚಿಟ್ಟೆ ಮಾಡುವುದನ್ನೇ ಬಿಟ್ಟುಬಿಡಬೇಡಿ. ಬೆಳಗಿನ ಹಾಲು ಕರೆದು ಸಂಜೆಯ ಹಾಲು ಕರೆಯುವ ನಡುವೆ ಸಿಗುವ ಒಂದೆರಡು ಗಂಟೆಯಲ್ಲಿ ಈ ಕೆಲಸ ಮಾಡಬಹುದು. ಬಟ್ಟೆಗೆ ಖರ್ಚಿಲ್ಲ, ಕೈಗೆ ಕೆಲಸ, ನಾಲ್ಕು ಕಾಸು ಬಂದರೂ ಬಂದೀತು. ಆದರೆ ನಿಮ್ಮ ಮನೆಗೆ ದಿನವೂ ಅನ್ನ ಹಾಕುವವಳು ಕೊಟ್ಟಿಗೆಯಲ್ಲಿ ನಿಂತಿದ್ದಾಳೆ. ಹಾಲಿನ ಲೆಕ್ಕವನ್ನು ಡೇರಿಯ ಪುಸ್ತಕದಲ್ಲಿ ಮಿಲಿಲೀಟರ್ ಬಿಡದೆ ನೋಡುವ ನಿಮಗೆ ಆರು ತುಂಡು ತಂತಿಯ ಲೆಕ್ಕ ಕಷ್ಟವೇನಲ್ಲ.

ಬಾಟಲಿ ಎಲ್ಲರ ಕೈಗೂ ಹೋಗಿ ಬಂತೇ? ಕೊಡಿ ಅಜ್ಜಿ, ಅದು ಮುಂದಿನ ಶಿಬಿರಕ್ಕೂ ಬೇಕು. ಈಗ ನಾವು ಏಳುವ ಮೊದಲು ಒಂದು ಕೆಲಸ ಬಾಕಿ ಇದೆ. ಪ್ರತಿಯೊಬ್ಬರೂ ನಿಮ್ಮ ಮುಂದಿರುವ ಡಬ್ಬಿಯ ತುಂಡುಗಳನ್ನು ಎಣಿಸಿ, ಮುಗಿದ ಚಿಟ್ಟೆಗಳೊಡನೆ ತಾಳೆ ನೋಡಿ. ಲೆಕ್ಕ ಸರಿಹೋದವರು ಕಾಫಿಗೆ ಹೋಗಬಹುದು. ಸರಿಹೋಗದವರ ಜೊತೆ ಅಯಸ್ಕಾಂತ ಹಿಡಿದು ನಾನೂ ಹುಡುಕುತ್ತೇನೆ.